ಒದೆತಕ್ಕೆ ಮೊದಲೇ ಬಗ್ಗುವ ಹೆಗಲು

ಹೋದ ವಾರ ಶ್ವೇತಾ ಫೋನ್ ಮಾಡಿದ್ದಳು. ಫೈರಿಂಗ್ ಶಿಬಿರಗಳಲ್ಲಿ ನಾನು ನಿಲ್ಲುತ್ತಿದ್ದ ಜಾಗಕ್ಕೆ ಈಗ ಬಂದಿರುವ ಕಾನ್‌ಸ್ಟೆಬಲ್ ಆಕೆ. "ಮೇಡಂ, ದೊಡ್ಡ ರೈಫಲ್ ಒದೆಯುತ್ತೆ ಅಂತ ಎಲ್ಲರೂ ಹೆದರ್ತಾರೆ. ಎರಡೇ ಎರಡು ಸಾಲಲ್ಲಿ ಏನು ಹೇಳಿಕೊಡ್ಬೇಕು ಹೇಳಿ, ಬರ್ಕೊಳ್ತೀನಿ" ಅಂದಳು. ಒಲೆಯ ಮೇಲೆ ಹಾಲಿತ್ತು. ನಾಳೆ ಹೇಳುತ್ತೇನೆ ಅಂತ ಇಟ್ಟುಬಿಟ್ಟೆ. ಆ ನಾಳೆ ಇನ್ನೂ ಬಂದಿಲ್ಲ. ಬರೆಯಲು ಕುಳಿತರೆ ಮೊದಲನೆಯ ಸಾಲು ಎರಡನೆಯದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಉದ್ದಕ್ಕೇ ಬರೆಯುತ್ತಿದ್ದೇನೆ. ಅವಳು ಓದಿ, ಬೇಕಾದ ಎರಡು ಸಾಲು ಆರಿಸಿಕೊಳ್ಳಲಿ.

ಶಿಕಾರಿಪುರ ಮತ್ತು ಸೊರಬದ ಕಡೆ ನಡೆಯುತ್ತಿದ್ದ ಶಿಬಿರಗಳಲ್ಲಿ ನಾನು ಇಪ್ಪತ್ತೊಂದು ವರ್ಷ ಬಂದೂಕು ಹಿಡಿಯುವುದನ್ನು ಕಲಿಸಿದೆ. ಪೊಲೀಸರು, ಗೃಹರಕ್ಷಕರು, ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು, ಕಾವಲು ಕೆಲಸ ಹುಡುಕುವವರು, ಎಲ್ಲರೂ ಬರುತ್ತಿದ್ದರು. ಕಲಿಸುವವರನ್ನು ನಮ್ಮ ಪೊಲೀಸ್ ಇಲಾಖೆಯಲ್ಲಿ ಉಸ್ತಾದ್ ಅನ್ನುತ್ತಾರೆ. ನಾನು ಹೆಂಗಸಾದ್ದರಿಂದ ಜನಕ್ಕೆ ಏನನ್ನಬೇಕೋ ತಿಳಿಯದೆ ಕೆಲವರು ಮೇಡಂ ಅಂದರು, ಕೆಲವರು ಉಸ್ತಾದಮ್ಮ ಅಂದರು. ಒಬ್ಬ ಮುದುಕರು ಮಾತ್ರ ಕೊನೆಯ ದಿನದವರೆಗೂ ಟೀಚರ್ರೇ ಅಂದರು.

ನನಗೊಂದು ಚಾಳಿ. ದಿನಾ ಬರೆದಿಡುವುದು. ಶಿಬಿರಕ್ಕೆ ಬಂದ ಪ್ರತಿಯೊಬ್ಬರ ಹೆಸರು, ಯಾವ ಕೈಯಲ್ಲಿ ಉಣ್ಣುತ್ತಾರೆ, ಎಷ್ಟು ಗುಂಡು ಹಾರಿಸಿದರು, ಮರುದಿನ ಹೆಗಲ ಮೇಲೆ ಎಷ್ಟಗಲ ನೀಲಿ ಇತ್ತು, ಬೆಳಿಗ್ಗೆ ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ. ಅಂಥ ಹದಿನೇಳು ನೋಟ್‌ಬುಕ್ಕುಗಳಿವೆ. ಅಷ್ಟು ಬರೆದ ಮೇಲೆ ಏನಾದರೂ ಒಂದು ತಿಳಿಯಬೇಕಿತ್ತಲ್ಲ. ಮೊದಲ ಪುಸ್ತಕದಲ್ಲಿ ನಾನು ಬಹಳ ತಿಳಿದವಳಂತೆ ಬರೆದಿದ್ದೇನೆ. ಹದಿನೇಳನೆಯದರಲ್ಲಿ ಪುಟಕ್ಕೆರಡು ಪ್ರಶ್ನೆ ಚಿಹ್ನೆ.

ನನ್ನ ಮೊದಲ ಗುಂಡು ತ್ರೀನಾಟ್‌ತ್ರೀ ರೈಫಲ್‌ನದು. ಕಲಿಸಿದವರು ರುದ್ರೋಜಿ ಉಸ್ತಾದ್. ಗಂಡಸರಿಗೆ ಕಲಿಸುವಾಗ ಅವರು ಬಂದೂಕು ಹಿಡಿಯುವುದಕ್ಕೆ ಏನೇನೋ ಹೋಲಿಕೆ ಕೊಡುತ್ತಿದ್ದರಂತೆ. ಹೆಂಗಸರ ತಂಡ ಬಂದಾಗ ಪಾಪ, ನಾಲಿಗೆ ಕಟ್ಟಿತು. ತುಂಬಾ ಹೊತ್ತು ಯೋಚಿಸಿ, "ಹಸುಗೂಸು ಎತ್ಕೊಂಡಂಗೆ ಎದೆಗೆ ಒತ್ತಿ ಹಿಡೀರವ್ವಾ. ಸಡ್ಲ ಬಿಟ್ರೆ ಒದೀತದೆ, ಗಟ್ಟಿ ಹಿಡಿದ್ರೆ ಬರೀ ತಳ್ತದೆ" ಅಂದರು.

ನನಗೆ ಆಗ ಎಂಟು ತಿಂಗಳ ಮಗುವಿತ್ತು. "ಸಾರ್, ಇಷ್ಟು ಗಟ್ಟಿ ಹಿಡಿದ್ರೆ ಕೂಸು ಅಳುತ್ತೆ" ಅಂದೆ. "ಅಳ್ಲಿ ಬಿಡವ್ವಾ, ಇದು ಕಬ್ಬಿಣದ ಕೂಸು" ಅಂದರು.

ಗಟ್ಟಿಯಾಗಿಯೇ ಹಿಡಿದೆ. ಬಂದೂಕಿನ ಹಿಂಬದಿಯ ಮರದ ಭಾಗವನ್ನು ಬಟ್ ಅನ್ನುತ್ತೇವೆ. ಅದು ಕೂರಬೇಕಾದ್ದು ಕತ್ತಿನ ಕೆಳಗಿನ ಅಡ್ಡ ಎಲುಬಿಗೂ ತೋಳಿಗೂ ನಡುವಿನ ಗುಳಿಯಲ್ಲಿ. ನಾನು ಎಲುಬಿನ ಮೇಲೇ ಕೂರಿಸಿಕೊಂಡಿದ್ದೆ. ಐದು ಗುಂಡು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ರಜೆಗೆ ಹೊಸಬಾಳೆಯ ತವರಿಗೆ ಹೋದಾಗ ಅವ್ವ ನೀಲಿ ಗುರುತು ನೋಡಿ ಬಾಗಿಲು ಹಾಕಿಕೊಂಡು ಬಂದು ಕೇಳಿದಳು, "ಯಾರು ಹೊಡದದ್ದು ಹೇಳು. ಅಳಿಯನಾ?"

"ಬಂದೂಕು ಅವ್ವಾ."

"ಸುಳ್ಳು ಹೇಳಡ ಮಾರಾಯ್ತಿ. ಬಂದೂಕು ಆ ಕಡೆ ಇದ್ದವ್ರಿಗೆ ಹೊಡೀತದೆ, ಈ ಕಡೆಯವ್ರಿಗೆ ಎಂತಕ್ಕೆ ಹೊಡೀತದೆ?"

ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಬರುತ್ತದೆ ಅಂತ ವಿವರಿಸಿದೆ. ಅವ್ವ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಿಸಿ ಮಾಡಿ ಹೆಗಲಿಗೆ ಇಟ್ಟಳು. ಅಳಿಯನ ಮೇಲಿನ ಅನುಮಾನ ಮಾತ್ರ ಎರಡು ಹಬ್ಬ ಕಳೆಯುವವರೆಗೂ ಹೋಗಲಿಲ್ಲ.

ನಾನು ಕಲಿಸತೊಡಗಿದ ಮೇಲೆ ರುದ್ರೋಜಿ ಉಸ್ತಾದರ ಮಾತನ್ನೇ ಹೇಳಿದೆ. ಗಟ್ಟಿ ಹಿಡಿ, ಗುಳಿಯಲ್ಲಿ ಕೂರಿಸು, ಕೆನ್ನೆ ಒತ್ತು. ಕೆಲವರಿಗೆ ಚೆನ್ನಾಗಿ ಹತ್ತಿತು, ಕೆಲವರಿಗೆ ಹತ್ತಲೇ ಇಲ್ಲ. ಹತ್ತದವರು ತಮ್ಮದೇ ಉಪಾಯ ಮಾಡುತ್ತಿದ್ದರು. ಅಂಗಿಯೊಳಗೆ ಟವೆಲ್ ಮಡಚಿ ಇಟ್ಟುಕೊಳ್ಳುವುದಂತೂ ಎಲ್ಲರಿಗೂ ಗೊತ್ತಿದ್ದದ್ದು, ನಾನೂ ನೋಡದವಳಂತೆ ಇರುತ್ತಿದ್ದೆ. ಆದರೆ ಕುಪ್ಪಗಡ್ಡೆಯ ತಿಮ್ಮಪ್ಪ ಅನ್ನುವ ರೈತರು ಒಂದು ದಿನ ಬಲ ಎದೆ ಉಬ್ಬಿಸಿಕೊಂಡು ಬಂದರು. ಒಳಗೆ ಅಡಿಕೆ ಹಾಳೆ. ನೆನೆಸಿ, ಹೆಗಲಿನ ಆಕಾರಕ್ಕೆ ಬಗ್ಗಿಸಿ, ಹಗ್ಗ ಪೋಣಿಸಿಕೊಂಡಿದ್ದರು. "ತಟ್ಟೆ ಮಾಡ್ತಾರೆ, ಟೊಪ್ಪಿ ಮಾಡ್ತಾರೆ, ಕವಚ ಮಾಡಕ್ಕೆ ಆಗದಿಲ್ವನ್ರೀ?" ಅಂದರು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ನನಗೆ ಬೇಡ ಅನ್ನಲು ಮನಸ್ಸಾಗಲಿಲ್ಲ. ಅದು ನನ್ನ ತಪ್ಪು, ಬರೆದಿಟ್ಟಿದ್ದೇನೆ. ಹಾಳೆ ನುಣುಪು. ಮೊದಲ ಗುಂಡಿಗೇ ಬಟ್ ಜಾರಿ ಮೇಲಕ್ಕೆ ಹೋಗಿ ತುಟಿ ಒಡೆಯಿತು. ತಿಮ್ಮಪ್ಪ ರಕ್ತ ಒರೆಸಿಕೊಳ್ಳುತ್ತಾ, "ಹೆಗಲಿಗೆ ಏನೂ ಆಗಲಿಲ್ಲ ನೋಡ್ರಿ ಟೀಚರ್ರೇ" ಅಂದರು. ಟೀಚರ್ ಅನ್ನುತ್ತಿದ್ದ ಮುದುಕರು ಅವರೇ.

ಆಮೇಲೆ ಶಿಬಿರದ ಉಸ್ತುವಾರಿಗೆ ಹೊಸ ಸಾಹೇಬರು ಬಂದರು. ದೂರದ ತರಬೇತಿ ಶಾಲೆಯಲ್ಲಿ ಕಲಿತು ಬಂದವರು, ಮಾತು ಕಡಿಮೆ. ನಾನು ಗಟ್ಟಿ ಹಿಡಿ ಅಂತ ಕೂಗುವುದನ್ನು ಎರಡು ದಿನ ನೋಡಿ ಮೂರನೆಯ ದಿನ ಕರೆದರು. "ಅವರನ್ನ ಯಾಕಮ್ಮಾ ಮರದ ತುಂಡು ಮಾಡ್ತಿದೀರ? ಒದೆತದ ಜೊತೆ ಜಗಳ ಆಡಬಾರದು. ಮೈ ಸಡಿಲ ಇರಲಿ, ಅರ್ಧ ಉಸಿರು ಹೊರಗೆ ಬಿಡಲಿ, ಗುಂಡು ಯಾವಾಗ ಹೊರಡುತ್ತೆ ಅಂತ ಅವರಿಗೇ ಗೊತ್ತಾಗಬಾರದು. ಬಂದದ್ದನ್ನ ಬರಕ್ಕೆ ಬಿಡಿ."

ಹದಿಮೂರು ವರ್ಷ ಒಂದು ಹೇಳಿಕೊಂಡು ಬಂದವಳು ಮರುದಿನ ಅದಕ್ಕೆ ಪೂರ್ತಿ ತಿರುಗುಮುರುಗು ಹೇಳಬೇಕಾಯಿತು. ಹಳಬರು ನಕ್ಕರು. ವಿಚಿತ್ರವೆಂದರೆ ಸಡಿಲ ಅಂದ ಮೇಲೂ ಕೆಲವರಿಗೆ ಹತ್ತಿತು, ಕೆಲವರಿಗೆ ಹತ್ತಲಿಲ್ಲ. ಹಳೆಯ ಪುಸ್ತಕ ಹೊಸ ಪುಸ್ತಕ ಎರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟೋ ಭಾನುವಾರ ನೋಡಿದ್ದೇನೆ. ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಸಾಹೇಬರಿಗೂ ಹೇಳಲಿಲ್ಲ, ರುದ್ರೋಜಿ ಉಸ್ತಾದರಿಗೂ ಹೇಳಲಿಲ್ಲ.

ಸಾಹೇಬರು ತಂದ ಒಂದು ಕ್ರಮ ಮಾತ್ರ ನನ್ನ ಕಣ್ಣು ತೆರೆಸಿತು. ಸುಳ್ಳು ಗುಂಡು. ಹಾರಿಸುವವರಿಗೆ ತಿಳಿಯದಂತೆ ನಿಜ ಗುಂಡುಗಳ ನಡುವೆ ಒಂದು ಡಮ್ಮಿ ಸೇರಿಸುವುದು. ಟ್ರಿಗರ್ ಒತ್ತಿದರೆ ಸದ್ದಿಲ್ಲ, ಒದೆತವಿಲ್ಲ. ಆದರೂ ಹೆಗಲು ಮುಂದೆ ನುಗ್ಗುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆಯ ತುದಿ ಕೆಳಗೆ ಬೀಳುತ್ತದೆ. ಬಾರದ ಒದೆತಕ್ಕೆ ಮೈ ಮೊದಲೇ ಬಗ್ಗಿರುತ್ತದೆ. ಗುರಿ ತಪ್ಪಿಸುವುದು ಒದೆತವಲ್ಲ, ಈ ಬಗ್ಗುವಿಕೆ. ಒದೆತ ಬರುವಷ್ಟರಲ್ಲಿ ಗುಂಡು ಹೊರಟುಹೋಗಿರುತ್ತದೆ.

ಇಷ್ಟು ಗೊತ್ತಾದ ಮೇಲೆ ಎಲ್ಲ ಗೊತ್ತಾಯಿತು ಅಂದುಕೊಂಡಿದ್ದೆ. ಆಗ ಮಾಲತೇಶ ಬಂದ.

ಮಾಲತೇಶ ಶಿಕಾರಿಪುರದ ಎಪಿಎಂಸಿ ಮಾರುಕಟ್ಟೆಯಲ್ಲಿ ಹಮಾಲ. ವಯಸ್ಸು ನಲವತ್ತರ ಹತ್ತಿರ, ಹೆಗಲು ಎತ್ತಿನ ಹಿಣಿಲಿನ ಹಾಗೆ. ಇಪ್ಪತ್ತು ವರ್ಷ ಚೀಲ ಹೊತ್ತು ಕತ್ತಿನ ಮಣಿ ಸವೆದಿದೆ, ಇನ್ನು ಹೊತ್ತರೆ ಕೈ ಜೋಮು ಹಿಡಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ಪುಣ್ಯಕ್ಕೆ ಊರಿನ ಒಂದು ಬ್ಯಾಂಕಿನಲ್ಲಿ ಬಂದೂಕು ಹಿಡಿದ ಕಾವಲುಗಾರನ ಜಾಗ ಖಾಲಿಯಾಗುವುದಿತ್ತು. ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವರು, ನಮ್ಮ ಶಿಬಿರದ ಸರ್ಟಿಫಿಕೇಟ್ ತಂದರೆ ಒಂದನೇ ತಾರೀಖಿಗೆ ಕೆಲಸ ಅಂದಿದ್ದರು. ಹತ್ತು ಗುಂಡಿನಲ್ಲಿ ಆರು ಗುರಿಹಲಗೆಗೆ ತಾಗಬೇಕು, ಅಷ್ಟೇ. ಅವನ ಹೆಂಡತಿ ರತ್ನವ್ವ ಮೊದಲ ದಿನ ತಾನೇ ಅವನನ್ನು ಕರೆದುಕೊಂಡು ಬಂದು, ಶಾಲೆಗೆ ಸೇರಿಸುವಂತೆ ನನ್ನ ಮುಂದೆ ನಿಲ್ಲಿಸಿದಳು. "ಇದೊಂದ್ ಕೆಲ್ಸ ಆದ್ರ ಇವ್ರ ಕತ್ತು ಉಳಿತೈತ್ರಿ ಮೇಡಮ್ಮಾರ. ನಿಮ್ ಕೈಯಾಗ ಐತ್ರಿ" ಅಂದಳು.

ಮನಸ್ಸಿನಲ್ಲೇ ನಕ್ಕೆ. ದಿನಾ ಅರವತ್ತು ಕಿಲೋ ಚೀಲ ಹೊರುವವನಿಗೆ ನಾಲ್ಕು ಕಿಲೋ ಬಂದೂಕು ಏನು ಮಾಡೀತು?

ಮೊದಲ ದಿನ ಐದರಲ್ಲಿ ಐದೂ ಮಣ್ಣಿಗೆ. ಎರಡನೆಯ ದಿನವೂ ಹಾಗೇ. ನೋವಾಯಿತೇ ಅಂದರೆ, "ಏನೂ ಗೊತ್ತಾಗ್ಲಿಲ್ರಿ, ಸೊಳ್ಳಿ ಕಡ್ದಂಗಾತು" ಅನ್ನುತ್ತಾನೆ. ಹೆಗಲ ಮೇಲೆ ನೀಲಿಯೂ ಇಲ್ಲ. ಡಮ್ಮಿ ಹಾಕಿದರೆ ಮಾತ್ರ ಇಡೀ ಮೈ ಮುದುಡುತ್ತಿತ್ತು. ಗದ್ದ ಎದೆಗೆ, ಕಣ್ಣು ಮುಚ್ಚಿ, ಹೆಗಲು ಕೆಳಗೆ. ಮಕಾಡೆ ಮಲಗಿದವನ ಮೊಣಕಾಲು ಕೂಡ ನೆಲ ಕೆರೆಯುತ್ತಿತ್ತು. ಪಕ್ಕದವರು, "ಏನಪಾ ಮಾಲತೇಶ, ಬಂದೂಕು ಹಾರಸ್ತಿಯೋ ಈಜು ಹೊಡಿತಿಯೋ?" ಅಂತ ಕಿಚಾಯಿಸಿದರು. ಅವತ್ತಿನ ಪುಟದಲ್ಲಿ ಬರೆದಿದ್ದೇನೆ: "ಹೆದರಿಕೆ ಇಲ್ಲ. ನೋವಿಲ್ಲ. ಮೊಣಕಾಲು ಏಕೆ?"

ಗಟ್ಟಿ ಹಿಡಿಸಿದೆ, ಸಡಿಲ ಬಿಡಿಸಿದೆ, ಕಿವಿಗೆ ಹತ್ತಿ ತುರುಕಿದೆ. ಐದನೆಯ ದಿನ ಸಾಹೇಬರು, "ಇವನನ್ನ ಬಿಟ್ಟುಬಿಡಿ, ಮುಂದಿನ ಶಿಬಿರಕ್ಕೆ ಬರಲಿ" ಅಂದರು. ಮುಂದಿನದು ಇನ್ನೊಂದು ವರ್ಷಕ್ಕೆ. ನಾನು ಜವಾಬ್ದಾರಿ ಅಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆನೋ ಈಗಲೂ ತಿಳಿಯದು.

ಮರುದಿನ ಭಾನುವಾರ, ಶಿಬಿರಕ್ಕೆ ಬಿಡುವು. ತವರಿನ ಅಣ್ಣ ಹಿಂದಿನ ಸಂಜೆಯೇ ಮೆಕ್ಕೆಜೋಳದ ಲೋಡು ತಂದು ಮಾರುಕಟ್ಟೆಯಲ್ಲೇ ಉಳಿದಿದ್ದ. ಅವನಿಗೆ ರೊಟ್ಟಿ ಡಬ್ಬಿ ಕೊಡಲು ಹೋದವಳು ಅಲ್ಲಿ ಮಾಲತೇಶನನ್ನು ಕಂಡೆ. ಬೇಡ ಅಂದಿದ್ದರೂ ಹೊರುತ್ತಿದ್ದ. ಲಾರಿಗೆ ಬೆನ್ನು ಕೊಟ್ಟು ನಿಂತಿದ್ದ. ಮೇಲೆ ಇಬ್ಬರು ಚೀಲ ಎತ್ತಿ ಹಿಡಿದಿದ್ದರು. ಅವರಲ್ಲಿ ಹಿರಿಯ, ಕರಿಬಸಪ್ಪ ಅನ್ನುವವನು, "ಬಂತೋ!" ಅಂತ ಕೂಗಿದ. ಆ ಕೂಗಿಗೇ ಮಾಲತೇಶನ ಗದ್ದ ಎದೆಗೆ ಹೋಯಿತು. ಕಣ್ಣು ಮುಚ್ಚಿತು, ಹೆಗಲು ಇಳಿಯಿತು, ಮೊಣಕಾಲು ಬಗ್ಗಿತು. ಚೀಲ ಮೈ ಮುಟ್ಟಿದ್ದು ಅದಾದ ಮೇಲೆ. ಬಗ್ಗಿದ ಮೈ ಚೀಲದ ಜೊತೆ ಇನ್ನಷ್ಟು ಇಳಿದು, ಮತ್ತೆ ಸಲೀಸಾಗಿ ಎದ್ದು ನಡೆದುಹೋಯಿತು.

ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಐದು ದಿನದಿಂದ ಶಿಬಿರದಲ್ಲಿ ನಾನು ನೋಡುತ್ತಿದ್ದದ್ದು ಇದನ್ನೇ. ಅಲ್ಲಿ "ಫೈರ್" ಅಂತ ಹುಕುಂ ಬೀಳುತ್ತದೆ, ಇಲ್ಲಿ "ಬಂತೋ" ಅಂತ ಕೂಗು. ಅವನ ಮೈ ಎರಡಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ಅದು ಅಂಜಿಕೆಯಲ್ಲ, ಕಸುಬು.

ಸೋಮವಾರದಿಂದ ಅವನನ್ನು ಬೇರೆ ಕೂರಿಸಿದೆ. ಖಾಲಿ ಬಂದೂಕು, ನಳಿಗೆಯ ಮೇಲೆ ಒಂದು ನಾಣ್ಯ. ಟ್ರಿಗರ್ ಒತ್ತಿದಾಗ ನಾಣ್ಯ ಬೀಳಬಾರದು. ನಾನು ಕಿವಿಯ ಹತ್ತಿರ "ಬಂತೋ" ಅಂತ ಕೂಗುವುದು, ಅವನು ಉಸಿರು ಬಿಟ್ಟು ಮೈ ಸಡಿಲ ಮಾಡಿ ಸುಮ್ಮನಿರುವುದು. "ಮೇಡಂ, ನೀವು ಹಂಗ ಒದರಿದ್ರ ನನಗ ಚೀಲನ ಕಾಣ್ತೈತ್ರಿ" ಅನ್ನುತ್ತಿದ್ದ.

"ಚೀಲ ಇಲ್ಲ ಮಾಲತೇಶ. ಯಾರೂ ಏನೂ ಮೇಲೆ ಹಾಕಲ್ಲ."

"ಅದು ನನಗ್ ಗೊತ್ತೈತ್ರಿ. ಮೈಗೆ ಗೊತ್ತಿಲ್ಲಲ್ರಿ."

ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. ಮನೆಯಲ್ಲಿ ರತ್ನವ್ವ ಲಟ್ಟಣಿಗೆ ಹಿಡಿಸಿ ತಾನೂ ಕೂಗಿದಳಂತೆ. ಶಿಬಿರದ ಎಂಟನೆಯ ದಿನ ನಾಣ್ಯ ನಿಂತಿತು. ಒಂಬತ್ತನೆಯ ದಿನ ಡಮ್ಮಿಗೆ ನಳಿಗೆ ಅಲುಗಲಿಲ್ಲ. ಹತ್ತನೆಯ ದಿನ ಪರೀಕ್ಷೆ, ಹತ್ತರಲ್ಲಿ ಎಂಟು ಹಲಗೆಗೆ. ಸಾಹೇಬರು ನನ್ನ ಕಡೆ ನೋಡಿ ತಲೆ ಆಡಿಸಿದರು. ಇಪ್ಪತ್ತೊಂದು ವರ್ಷದಲ್ಲಿ ನನಗೆ ಅಷ್ಟು ಹಿಗ್ಗು ಆದ ದಿನ ಇನ್ನೊಂದಿಲ್ಲ. ಆ ಪುಟದಲ್ಲಿ ಪ್ರಶ್ನೆ ಚಿಹ್ನೆ ಇಲ್ಲ.

ಒಂದನೇ ತಾರೀಖಿಗೆ ಇನ್ನೂ ಹನ್ನೊಂದು ದಿನ ಇತ್ತು. ಪರೀಕ್ಷೆ ಮುಗಿದ ಐದನೆಯ ದಿನ ಮಾರುಕಟ್ಟೆಯ ಕಡೆಯಿಂದ ಸುದ್ದಿ ಬಂತು: ಮಾಲತೇಶನ ಹೆಗಲಿನ ಎಲುಬು ಮುರಿದಿದೆ.

ಅವನ ಮನೆಗೆ ಹೋದೆ. ಬಲಗೈ ಕತ್ತಿಗೆ ನೇತು ಹಾಕಿಕೊಂಡು ಗೋಡೆಗೆ ಒರಗಿದ್ದ. ಕರಿಬಸಪ್ಪ ಬಾಗಿಲ ಹತ್ತಿರ ಕುಳಿತಿದ್ದವನು ನನ್ನನ್ನು ನೋಡಿ ಏಳಲಿಲ್ಲ.

"ನೀವೇನ್ರಿ ಇವಂಗ ಕಲಿಸಿದವ್ರು?" ಅಂದ. "ಇಪ್ಪತ್ತು ವರ್ಷ ಆತ್ರಿ ನಾನು ಚೀಲ ಹಾಕದು, ಇಂವ ಹೊರದು. ಅವತ್ತು ಬಂತೋ ಅಂದೆ. ಇಂವ ಕಲ್ಲುಕಂಬದಂಗ ನಿಂತಿದ್ನಲ್ರಿ! ಉಸ್ರು ಬಿಟ್ಕಂಡು ಆರಾಮ್ ನಿಂತಿದ್ದ. ಬಗ್ಲೇ ಇಲ್ಲ. ಚೀಲ ಬಿದ್ದಿದ್ದು ಸೀದಾ ಎಲುಬಿನ ಮ್ಯಾಲ."

"ಸುಮ್ನಿರಣ್ಣಾ" ಅಂದ ಮಾಲತೇಶ. "ಚೀಲ ಹಸಿ ಇತ್ರಿ ಮೇಡಂ. ತೂಕ ಜಾಸ್ತಿ ಆಗಿತ್ತು. ನಿಮ್ದೇನೈತಿ ಅದ್ರಾಗ."

"ಹೊರಬೇಡ ಅಂದಿದ್ರಲ್ಲೋ. ಯಾಕೆ ಹೋದೆ?"

"ಒಂದನೇ ತಾರೀಖಿನ ತನಕ ಸುಮ್ನ ಕುಂದ್ರದು ಹೆಂಗ್ರಿ? ಸುಗ್ಗಿ ಟೈಮು. ನಾ ಒಬ್ಬ ಬಿಟ್ರ ಗ್ಯಾಂಗಿನಾಗ ಉಳದವ್ರಿಗೆ ಭಾರ ಆಗತೈತಿ."

ರತ್ನವ್ವ ಚಹಾ ತಂದು ನನ್ನ ಮುಂದೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. "ಡಾಕ್ಟರ್ ಆರು ವಾರ ಅಂದಾರ್ರಿ. ಬ್ಯಾಂಕ್ನೋರು ತಡಿತಾರೇನ್ರೀ ಮೇಡಮ್ಮಾರ?" ಅಂತ ಮಾತ್ರ ಕೇಳಿದಳು.

ಏಜೆನ್ಸಿಯವರನ್ನು ನಾನೇ ಹೋಗಿ ಕೇಳಿದೆ. ತಡೆಯಲಿಲ್ಲ. ಆ ಜಾಗಕ್ಕೆ ಬೇರೆಯವರು ಬಂದರು.

ಇಲ್ಲಿಂದ ಮುಂದೆ ನನಗೆ ಯಾವುದೂ ನೆಟ್ಟಗೆ ಕಾಣುವುದಿಲ್ಲ. ಚೀಲ ಹಸಿಯೇ ಇದ್ದಿರಬಹುದು. ಕತ್ತು ಸವೆದವನಿಗೆ ಎಂದಾದರೂ ಒಂದು ದಿನ ಆಗುವುದೇ ಇತ್ತು ಅನ್ನಬಹುದು. ಆದರೆ ಉಸಿರು ಬಿಟ್ಟು ಆರಾಮ್ ನಿಂತಿದ್ದ ಅಂದನಲ್ಲ ಕರಿಬಸಪ್ಪ, ಆ ಮಾತು ನನ್ನದು. "ಬಂತೋ" ಅಂದಾಗ ಬಗ್ಗಬೇಡ ಅಂದವಳು ನಾನು. ದಿನಕ್ಕೆ ಇನ್ನೂರು ಸಲ ಅಂದಿದ್ದೇನೆ. ಅದೇ ಕೂಗನ್ನು ಬಳಸುವ ಬದಲು ಬೇರೇನಾದರೂ ಕೂಗಿದ್ದರೆ? ಆಗ ಸರ್ಟಿಫಿಕೇಟ್ ಸಿಗುತ್ತಿತ್ತೇ? ಒಂದು ಕಡೆ ಬಗ್ಗು, ಇನ್ನೊಂದು ಕಡೆ ಬಗ್ಗಬೇಡ ಅಂತ ಒಂದೇ ಮೈಗೆ ಹೇಗೆ ಹೇಳುವುದು? ರುದ್ರೋಜಿ ಉಸ್ತಾದರ ಹಾಗೆ ಗಟ್ಟಿ ಹಿಡಿ ಅಂತಲೇ ಕೂಗಿಕೊಂಡಿದ್ದರೆ ಅವನು ಫೇಲಾಗುತ್ತಿದ್ದ, ಎಲುಬು ಉಳಿಯುತ್ತಿತ್ತು, ಕತ್ತು ಹೋಗುತ್ತಿತ್ತು. ಮುಂದಿನ ಶಿಬಿರದಲ್ಲಿ ಒಬ್ಬ ಗಾರೆ ಕೆಲಸದವನು ಡಮ್ಮಿಗೆ ಹೆಗಲು ಕುಗ್ಗಿಸಿದಾಗ ಅವನ ಪಕ್ಕದಲ್ಲಿ ಕುಳಿತೆ. "ಕೆಲಸದ ಕಡೆ ಏನು ಹೊರ್ತೀಯಪ್ಪಾ?" ಅಂತ ಕೇಳಿದೆ. ಅವನು ಗಾಬರಿಯಾಗಿ ಸಾಹೇಬರ ಮುಖ ನೋಡಿದ. ಆ ವರ್ಷವೇ ಸ್ವಯಂನಿವೃತ್ತಿಗೆ ಬರೆದುಕೊಟ್ಟೆ. ಕಾರಣ ಅಂತ ಇದ್ದ ಜಾಗದಲ್ಲಿ "ಬಲ ಹೆಗಲು ನೋವು" ಅಂತ ಬರೆದೆ. ಸುಳ್ಳಲ್ಲ, ನೋವೂ ಇತ್ತು.

ಶ್ವೇತಾ, ಇನ್ನೊಂದಿದೆ, ಅದನ್ನೂ ಓದಿಬಿಡು.

ಹೋದ ತಿಂಗಳು ತವರಿಗೆ ಹೋಗುವ ದಾರಿಯಲ್ಲಿ, ಅವ್ವನ ಪಾಸ್‌ಬುಕ್ ಬರೆಸಲು ಸೊರಬದ ಒಂದು ಬ್ಯಾಂಕಿಗೆ ಹೋಗಿದ್ದೆ. ಮುಚ್ಚುವ ಹೊತ್ತು. ಬಾಗಿಲಲ್ಲಿ ನೀಲಿ ಅಂಗಿ, ಟೊಪ್ಪಿ, ಕೈಯಲ್ಲಿ ಬಂದೂಕು. ಮಾಲತೇಶ.

"ಅಯ್ ಮೇಡಂ!" ಅಂದ. "ಇಲ್ಲಿ ಜಾಗ ಆತ್ರಿ, ನಾಕ್ ತಿಂಗಳಾತು. ದಿನಾ ಶಿಕಾರಿಪುರದಿಂದ ಬಸ್ಸಿಗೆ ಬರ್ತೀನ್ರಿ. ಸರ್ಟಿಪಿಕೇಟು ಹಳೇದಾಗಿದ್ರೂ ನಡೀತೈತಿ ಅಂದ್ರು."

ಎಲುಬು ಹೇಗಿದೆ ಅಂದೆ. ಅಂಗಿಯ ಮೇಲೇ ಬೆರಳಿಟ್ಟು ತೋರಿಸಿದ. ಕೂಡಿದ ಕಡೆ ಒಂದು ಗಂಟು. ಬಟ್ ಕೂರಬೇಕಾದ ಗುಳಿಯ ಪಕ್ಕದಲ್ಲೇ. ಈಗ ಹಾರಿಸಿದರೆ ಆ ಗಂಟಿಗೆ ಏನಾಗುತ್ತದೋ ಅಂದೆ. "ಹಾರಿಸದು ಎಲ್ಲಿ ಬರ್ತೈತ್ರಿ, ಹಿಡ್ಕಂಡ್ ನಿಂದ್ರದು ಅಷ್ಟ" ಅಂದ. ಕತ್ತು? "ಕತ್ತು ಚಲೋ ಐತ್ರಿ. ಕೈ ಜೋಮು ಹಿಡಿಯೂದು ನಿಂತೈತಿ."

ಅಷ್ಟರಲ್ಲಿ ಒಳಗಿನವರು ಅರ್ಧ ಶಟರ್ ಎಳೆದರು. ಧಡಾರ್ ಅಂತ ಸದ್ದು. ಮಾಲತೇಶನ ಗದ್ದ ಎದೆಗೆ ಹೋಯಿತು, ಹೆಗಲು ಇಳಿಯಿತು, ಮೊಣಕಾಲು ಬಗ್ಗಿತು. ಬಂದೂಕಿನ ನಳಿಗೆ ನೆಲ ನೋಡಿತು. ಒಂದು ಗಳಿಗೆ. ಮತ್ತೆ ನೆಟ್ಟಗಾದ.

ಅಲ್ಲಿದ್ದವರು ಯಾರೂ ಗಮನಿಸಲಿಲ್ಲ. ಅವನು ಮಾತ್ರ ನಾನು ನೋಡಿದ್ದನ್ನು ನೋಡಿದ. ತಪ್ಪು ಮಾಡಿದವನಂತೆ ನಕ್ಕ.

"ಮೂಳಿ ಕೂಡಿದ್ ಮ್ಯಾಲ ತಿರುಗಿ ಬಂದೈತ್ರಿ ಇದು. ದಿನಾ ಸಂಜಿಗೆ ಶಟರ್ ಬೀಳೂದು, ನಾ ಬಗ್ಗೂದು. ನೀವು ಹೇಳಿಕೊಟ್ಟದ್ದು ಉಳಿಲಿಲ್ಲ ನೋಡ್ರಿ. ಒಂದ್ ಭಾನುವಾರ ಬರ್ಲೇನು ಮನಿಗೆ? ನಾಣ್ಯ ಇಟ್ಟು ಮತ್ತೊಮ್ಮೆ ಬಿಡಿಸ್ತೀರೇನ್ರಿ?"

ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡೆ.

"ಮನೆಗೆ ಬಾ" ಅಂದೆ. "ರತ್ನವ್ವನ್ನೂ ಕರ್ಕೊಂಡು ಊಟಕ್ಕೆ ಬಾ. ಅದನ್ನ ಮಾತ್ರ ಬಿಡಿಸಲ್ಲ. ಇರ್ಲಿ ಬಿಡು."